ಬೆಂಗಳೂರಿನಿಂದ ಹೊರದೇಶಕ್ಕೆ ಪಾರ್ಸೆಲ್: ಕೌಂಟರ್‌ನಲ್ಲೇ ‘ಇದು ಬೇಡ’ ಎನ್ನುವವರು ಯಾರು?

ಹೊರದೇಶದಲ್ಲಿರುವ ಮಕ್ಕಳಿಗೆ ಮನೆ ತಿಂಡಿ, ಪೂಜೆ ಸಾಮಾನು, ಔಷಧಿ, ಸೀರೆ ಕಳಿಸಲು ಬೆಂಗಳೂರಿನಲ್ಲಿ ಮೂರು ದಾರಿಗಳಿವೆ. ಅಂಚೆ ಇಲಾಖೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಒಂದು. ಡಿಎಚ್‌ಎಲ್, ಫೆಡೆಕ್ಸ್, ಅರಾಮೆಕ್ಸ್‌ನಂಥ ಕಂಪನಿಗಳದೇ ಕೌಂಟರ್ ಇನ್ನೊಂದು. ಬಡಾವಣೆಗೊಂದರಂತೆ ಹುಟ್ಟಿಕೊಂಡಿರುವ ಬುಕಿಂಗ್ ಅಂಗಡಿಗಳು ಮೂರನೆಯದು; ಇವರು ಪಾರ್ಸೆಲ್ ಕೂಡಿಸಿ ದೊಡ್ಡ ಕಂಪನಿಗಳಿಗೆ ಒಪ್ಪಿಸುವವರು. ಕಿಲೋಗೆ ಎಷ್ಟು, ಎಷ್ಟು ದಿನ ಎಂಬ ಹೋಲಿಕೆ ಎಲ್ಲಿ ಬೇಕಾದರೂ ಸಿಗುತ್ತದೆ. ಈ ವಿಮರ್ಶೆಯ ಅಳತೆಗೋಲು ಅದಲ್ಲ. ಕಳಿಸಬಾರದ ವಸ್ತು ಡಬ್ಬದಲ್ಲಿದ್ದರೆ ಯಾರು ಬೇಗ ಹಿಡಿದು, ಸರಿಯಾಗಿ ಹೇಳುತ್ತಾರೆ ಎಂಬುದೇ ಇಲ್ಲಿ ಮುಖ್ಯ. ಕೌಂಟರ್‌ನಲ್ಲೇ ತಡೆದರೆ ಹೋಗುವುದು ಐದು ನಿಮಿಷ. ಎಕ್ಸ್‌ರೇಯಲ್ಲಿ ತಡೆದರೆ ಹೋಗುವುದು ಒಂದು ವಾರ. ಸಿಡ್ನಿಯಲ್ಲೋ ದುಬೈಯಲ್ಲೋ ತಡೆದರೆ ಪಾರ್ಸೆಲ್ಲೂ ಇಲ್ಲ, ದುಡ್ಡೂ ಇಲ್ಲ, ಜೊತೆಗೆ ಅಲ್ಲಿ ಪಡೆಯುವವರಿಗೆ ತೊಂದರೆ.

ಪಾರ್ಸೆಲ್ ನಾಲ್ಕು ಜರಡಿ ದಾಟಬೇಕು. ಭಾರತದಿಂದ ಹೊರಗೆ ಹೋಗಬಾರದ್ದನ್ನು ತಡೆಯುವ ನಮ್ಮ ಕಾನೂನು ಮೊದಲನೆಯದು. ವಿಮಾನದಲ್ಲಿ ಬೆಂಕಿ, ಸೋರಿಕೆ ಆಗದಂತೆ ನೋಡುವ ಅಪಾಯಕಾರಿ ಸರಕಿನ ನಿಯಮ ಎರಡನೆಯದು. ಹೋಗಿ ಇಳಿಯುವ ದೇಶದ ಕಸ್ಟಮ್ಸ್ ಮತ್ತು ಕೃಷಿ ಇಲಾಖೆ ಮೂರನೆಯದು. ಒಯ್ಯುವ ಕಂಪನಿಯ ಸ್ವಂತ ಪಟ್ಟಿ ನಾಲ್ಕನೆಯದು. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ‘ಹೋದ ಸಲ ಹೋಗಿತ್ತಲ್ಲ’ ಎಂಬ ಮಾತಿಗೆ ಬೆಲೆಯಿಲ್ಲದಿರುವುದು ಇದಕ್ಕೇ.

ಪೂಜೆ ಸಾಮಾನಿನ ಡಬ್ಬ

ಹಬ್ಬದ ಹೊತ್ತಿಗೆ ಹೆಚ್ಚು ತಿರಸ್ಕಾರ ಕಾಣುವುದು ಈ ಡಬ್ಬವೇ. ಒಂದೊಂದಾಗಿ ತೆಗೆದು ನೋಡೋಣ. ಅರಿಸಿನ, ಕುಂಕುಮ, ಗೆಜ್ಜೆವಸ್ತ್ರ, ಹತ್ತಿಯ ಬತ್ತಿ, ಹಿತ್ತಾಳೆ ದೀಪ: ಇವುಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಊದಿನಕಡ್ಡಿಯೂ ಹೋಗುತ್ತದೆ. ಬೆಂಕಿಪೊಟ್ಟಣ ಹೋಗದು ಎಂಬುದು ಎಲ್ಲರಿಗೂ ಗೊತ್ತು. ಎಡವುವುದು ಕರ್ಪೂರದಲ್ಲಿ. ಕೃತಕ ಕರ್ಪೂರ ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 2717, ವರ್ಗ 4.1, ಅಂದರೆ ಬೇಗ ಹೊತ್ತಿಕೊಳ್ಳುವ ಘನವಸ್ತು. ಅಂಗಡಿಯಲ್ಲಿ ಸಿಗುವ ಬಿಲ್ಲೆಗಳು ಬಹುಪಾಲು ಅದೇ. ಪೂಜಾ ಕಿಟ್ ಎಂದು ಒಟ್ಟಾಗಿ ಮಾರುವ ಪೊಟ್ಟಣದಲ್ಲಿ ಹತ್ತು ಗ್ರಾಂ ಕರ್ಪೂರ ಮೂಲೆಯಲ್ಲಿ ಕೂತಿರುತ್ತದೆ. ಕಿಟ್ ಒಡೆದು ಅದನ್ನು ತೆಗೆಯದೆ ಡಬ್ಬ ಮುಚ್ಚಬೇಡಿ. ಸಾಂಬ್ರಾಣಿ ಕಪ್‌ನಲ್ಲಿ ಇದ್ದಿಲ ಪುಡಿ ಇರುತ್ತದೆ. ಇದ್ದಿಲು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ 4.2ರ ವರ್ಗದ್ದು. ಅದನ್ನೂ ಬಿಡುವುದೇ ಸರಿ.

ಕೊಬ್ಬರಿಯೂ ಇದೇ 4.2ರ ವರ್ಗದಲ್ಲಿದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಯುಎನ್ 1363 ಎಂಬ ಸಂಖ್ಯೆ ಇರುವುದೇ ಕೊಬ್ಬರಿಗೆ. ತಿಪಟೂರಿನ ಒಳ್ಳೆಯ ಉಂಡೆ ಕೊಬ್ಬರಿಯಲ್ಲಿ ನೂರಕ್ಕೆ 60 ಭಾಗಕ್ಕೂ ಹೆಚ್ಚು ಎಣ್ಣೆ. ಸ್ವಲ್ಪ ತೇವ ಉಳಿದಿದ್ದು, ಗಾಳಿಯಾಡದ ಜಾಗದಲ್ಲಿ ಒತ್ತೊತ್ತಾಗಿ ತುಂಬಿದರೆ ಎಣ್ಣೆ ಆಮ್ಲಜನಕದೊಡನೆ ಸೇರಿ ಒಳಗೊಳಗೇ ಬಿಸಿಯೇರುತ್ತದೆ. ನಾಲ್ಕು ಗಿಟುಕಿನಿಂದ ಬೆಂಕಿ ಬೀಳುತ್ತದೆ ಎಂದಲ್ಲ, ಆದರೆ ನಿಯಮ ನಾಲ್ಕು ಗಿಟುಕಿಗೂ ನಾಲ್ಕು ಚೀಲಕ್ಕೂ ಒಂದೇ. ಎಕ್ಸ್‌ರೇಯಲ್ಲಿ ಇಡೀ ಗಿಟುಕಿನ ಗುಂಡನೆ ಆಕಾರ ತಟ್ಟನೆ ಕಾಣುತ್ತದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಳಿಸುವವರು ಎಳ್ಳು, ಬೆಲ್ಲ, ಹುರಿಗಡಲೆ, ಕಡಲೆಕಾಯಿ ಬೀಜವನ್ನು ಹುರಿದು ಸೀಲ್ ಮಾಡಿ ಕಳಿಸಿ. ಕೊಬ್ಬರಿ ಚೂರನ್ನು ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಕೊಂಡು ಬೆರೆಸಿಕೊಳ್ಳಲು ಹೇಳಿ. ಇನ್ನು ನವಿಲುಗರಿ: ಭಾರತದಿಂದ ಅದರ ರಫ್ತಿಗೇ ಅನುಮತಿಯಿಲ್ಲ. ಕೃಷ್ಣನ ಕಿರೀಟಕ್ಕೆ ಅಂಟಿಸಿದ ಒಂದೇ ಗರಿಯಾದರೂ ತೆಗೆದಿಡಿ.

ಬ್ಯಾಟರಿ ಮತ್ತು ದ್ರವ

ಪವರ್ ಬ್ಯಾಂಕ್ ಪಾರ್ಸೆಲ್‌ನಲ್ಲಿ ಹೋಗದು. 20,000 ಎಂಎಎಚ್ ಎಂದರೆ, 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ, 74 ವ್ಯಾಟ್-ಅವರ್. 100 ವ್ಯಾಟ್-ಅವರ್‌ನೊಳಗೆ ಇರುವುದರಿಂದ ಪ್ರಯಾಣಿಕರು ಕೈಚೀಲದಲ್ಲಿ ಒಯ್ಯಬಹುದು. ‘ಕೈಯಲ್ಲಿ ಒಯ್ಯಬಹುದಾದರೆ ಪಾರ್ಸೆಲ್ ಯಾಕಾಗದು’ ಎಂಬ ಗೊಂದಲ ಹುಟ್ಟುವುದು ಇಲ್ಲೇ. ಕೈಚೀಲದಲ್ಲಿ ಹೊಗೆ ಬಂದರೆ ಸಿಬ್ಬಂದಿ ಕಣ್ಣಿಗೆ ಬೀಳುತ್ತದೆ, ಸರಕಿನ ಕೋಣೆಯಲ್ಲಿ ಬೀಳುವುದಿಲ್ಲ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್ 1ರಿಂದಲೇ ನಿಂತಿದೆ. ಉಪಕರಣದೊಳಗೇ ಕೂತ ಬ್ಯಾಟರಿಗೆ ಬೇರೆ ಮಿತಿಗಳಿವೆ. ಅದನ್ನು ಒಪ್ಪುವುದು ಬಿಡುವುದು ಕಂಪನಿಗೆ ಬಿಟ್ಟದ್ದು, ಮೊದಲೇ ಕೇಳಬೇಕು. ಸಂಗೀತ ಕಲಿಯುವವರಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕಳಿಸುವುದಾದರೆ ನೇರ ಕರೆಂಟಿನಲ್ಲಿ ನಡೆಯುವ ಮಾದರಿ ಒಳ್ಳೆಯದು. ಚಾರ್ಜ್ ಆಗುವ ಬ್ಯಾಟರಿ ಒಳಗೇ ಇರುವ ಹೊಸ ಮಾದರಿಯಾದರೆ ಬ್ಯಾಟರಿಯ ವ್ಯಾಟ್-ಅವರ್ ಬರೆದ ಚೀಟಿ ಕೈಯಲ್ಲಿರಲಿ.

ಅತ್ತರು, ಸೆಂಟು, ನೇಲ್ ಪಾಲಿಶ್, ಸ್ಯಾನಿಟೈಸರ್, ಡಿಯೋಡರೆಂಟ್ ಸ್ಪ್ರೇ ಎಲ್ಲವೂ ಅಪಾಯಕಾರಿ ಸರಕೇ. ಹೋಮಿಯೋಪಥಿಯ ಹನಿ ಔಷಧಿಯಲ್ಲಿ ಮದ್ಯಸಾರ ಇರುತ್ತದೆಂಬುದು ಮರೆತುಹೋಗುತ್ತದೆ. ಗುಳಿಗೆಯ ರೂಪದಲ್ಲಿ ಸಿಗುವುದಾದರೆ ಅದನ್ನೇ ಕಳಿಸಿ.

ಉಪ್ಪಿನಕಾಯಿ ಅಪಾಯಕಾರಿ ಸರಕಲ್ಲ, ಆದರೆ ಸೋರಿದರೆ ಪಕ್ಕದವರ ರೇಷ್ಮೆ ಸೀರೆಯನ್ನೂ ಹಾಳುಮಾಡುತ್ತದೆ. ಸೋರುವ ಡಬ್ಬ ಕಂಡರೆ ಅಲ್ಲಿಗೇ ಬದಿಗಿಡುತ್ತಾರೆ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಜಾಡಿಯೊಳಗೆ ಸಿಕ್ಕಿದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸುರುಳಿಯಿಂದ ಹೊರಗೆ ದಬ್ಬುತ್ತದೆ. ಹಾಗಾಗಿ ಮೇಲೆ ತೇಲುವ ಎಣ್ಣೆಯನ್ನು ಬಸಿದು, 500 ಗ್ರಾಂನ ಪ್ಲಾಸ್ಟಿಕ್ ಜಾಡಿಗೆ ಮೇಲ್ಗಡೆ ಒಂದು ಬೆರಳು ಜಾಗ ಬಿಟ್ಟು ತುಂಬಿ. ಬಾಯಿಗೆ ಅಂಟುಹಾಳೆ ಎಳೆದು ಮುಚ್ಚಳ ಬಿಗಿ ಮಾಡಿ, ಮುಚ್ಚಳದ ಅಂಚಿಗೆ ಟೇಪ್ ಸುತ್ತಿ. ಆಮೇಲೆ ಎರಡು ಜಿಪ್ ಕವರು, ಅವೆರಡರ ನಡುವೆ ಎಣ್ಣೆ ಹೀರಲು ಮಡಚಿದ ಕಾಗದ. ಗಾಜು ಬೇಡ. ಎರಡು ಕಿಲೋದ ಒಂದೇ ಡಬ್ಬಿಗಿಂತ ಅರ್ಧ ಕಿಲೋದ ನಾಲ್ಕು ಲೇಸು: ಒಂದು ಸೋರಿದರೂ ಮೂರು ಉಳಿಯುತ್ತವೆ. ಹೊರಡಬ್ಬ ಐದು ಪದರದ್ದಿರಲಿ.

ದೇಶಕ್ಕೊಂದು ಲೆಕ್ಕ

ಗಸಗಸೆಯಿಂದಲೇ ಶುರುಮಾಡಬೇಕು, ಇದರಲ್ಲಿ ಆಗುವ ಹಾನಿ ಪಾರ್ಸೆಲ್‌ನ ಬೆಲೆಯದ್ದಲ್ಲ. ನಮ್ಮ ಹಬ್ಬದೂಟದ ಗಸಗಸೆ ಪಾಯಸ ಯುಎಇ, ಸೌದಿ ಅರೇಬಿಯಾ, ಸಿಂಗಪುರದಲ್ಲಿ ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಅಫೀಮಿನ ಗಿಡದ ಬೀಜವಾದ್ದರಿಂದ ಮಾರ್ಫೀನಿನ ಅಂಶ ಅಂಟಿಕೊಂಡಿರುತ್ತದೆ. ಅಡುಗೆಗೆ, ಒಂದು ಹಿಡಿ ಎಂಬ ವಿನಾಯಿತಿ ಅಲ್ಲಿಲ್ಲ; ಪಾರ್ಸೆಲ್ ಪಡೆದವರ ಮೇಲೆಯೇ ಕೇಸು ಬೀಳಬಹುದು. ಬಿಡಿ ಗಸಗಸೆ ಬಿಟ್ಟರೆ ಸಾಲದು. ಕುರ್ಮಾ ಮಸಾಲೆ, ಬಿರಿಯಾನಿ ಮಸಾಲೆ, ಪಾಯಸದ ರೆಡಿ ಮಿಕ್ಸ್, ಮನೆಯಲ್ಲೇ ಕುಟ್ಟಿದ ಸಾಗು ಪುಡಿ: ಇವುಗಳಲ್ಲಿ ಗಸಗಸೆ ಬಿದ್ದಿದೆಯೇ ನೋಡಿ. ಪೊಟ್ಟಣದ ಮೇಲೆ ಹಿಂದಿಯವರು ‘ಖಸ್‌ಖಸ್’ ಎಂದು ಬರೆದಿರುತ್ತಾರೆ, ಅದು ಗಸಗಸೆಯೇ. ‘ಖಸ್’ ಎಂದಷ್ಟೇ ಇದ್ದರೆ ಲಾವಂಚ. ವೀಳ್ಯದೆಲೆ, ಪಾನ್ ಸಾಮಗ್ರಿ ಯುಎಇಯ ನಿಷೇಧದ ಪಟ್ಟಿಯಲ್ಲಿವೆ. ಸಿಂಗಪುರಕ್ಕೆ ಚೂಯಿಂಗ್ ಗಮ್, ಜಗಿಯುವ ತಂಬಾಕು, ಇ-ಸಿಗರೇಟ್ ಮೂರೂ ಬೇಡ.

ಅಮೆರಿಕಕ್ಕೆ ಮನೆಯ ಚಕ್ಕುಲಿ, ಸಾರಿನ ಪುಡಿ, ಹಪ್ಪಳ ಕಳಿಸುವವರು ಒಂದು ನಿಯಮವನ್ನು ಚೆನ್ನಾಗಿ ತಿಳಿದಿರಬೇಕು. ಆಹಾರ ಯಾವುದೇ ಬರಲಿ, ಅಲ್ಲಿಯ ಆಹಾರ-ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಮುಂಚಿತ ಸೂಚನೆ ಕೊಡಬೇಕು. ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿ ತಾನೇ ಮಾಡಿ, ತಾನೇ ಇನ್ನೊಬ್ಬ ವ್ಯಕ್ತಿಗೆ ಉಡುಗೊರೆಯಾಗಿ ಕಳಿಸಿದ ಆಹಾರಕ್ಕೆ ಮಾತ್ರ ಈ ಸೂಚನೆ ಬೇಡ. ‘ತಾನೇ ಕಳಿಸಿದ’ ಎಂಬುದೇ ಗಂಟು. ತಿಂಡಿ ಮಾಡಿದ್ದು ತಾಯಿಯಾಗಿ, ಕಳಿಸಿದವರ ಜಾಗದಲ್ಲಿ ಬುಕಿಂಗ್ ಅಂಗಡಿಯ ಹೆಸರು ಬಿದ್ದರೆ ಆ ವಿನಾಯಿತಿಯ ನೆಲೆಯೇ ಕುಸಿಯುತ್ತದೆ. ಬಿಲ್ಲಿನ ಮೇಲೆ ಮಾಡಿದವರ ಹೆಸರೇ ಇರಲಿ. ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ತಿಂಡಿಯ ಹೆಸರು, ಹಾಕಿದ ಪದಾರ್ಥ, ಮಾಡಿದ ದಿನ ಬರೆಯಿರಿ. ಚಟ್ನಿಪುಡಿ, ರಾಗಿಹಿಟ್ಟು, ವಿಭೂತಿ, ರಂಗೋಲಿ ಪುಡಿ ಚೀಟಿಯಿಲ್ಲದೆ ಹೋದರೆ ‘ಗುರುತು ಸಿಗದ ಪುಡಿ’ ಎಂದು ನಿಲ್ಲುತ್ತವೆ. ಊರ ಗದ್ದೆಯ ಅಕ್ಕಿ ಕಳಿಸುವ ಆಸೆ ಬೇಡ: ಉಗ್ರಾಣದ ಕಾಳನ್ನು ಹಾಳುಮಾಡುವ ಖಾಪ್ರಾ ಹುಳುವಿನ ಭಯದಿಂದ, ಭಾರತದಂಥ ದೇಶಗಳಿಂದ ಖಾಸಗಿಯಾಗಿ ಬರುವ ಅಕ್ಕಿಯನ್ನು ಅಮೆರಿಕ 2011ರಿಂದ ತಡೆದಿದೆ. ಹಸಿ ಕರಿಬೇವೂ ಬೇಡ. ಕಿತ್ತಳೆ-ನಿಂಬೆ ತೋಟಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಕೂತಿರುತ್ತದೆ. ಮಗುವಿಗೆ ಹಚ್ಚುವ ಕಾಡಿಗೆ, ಸುರ್ಮಾ ಅಲ್ಲಿ ಒಪ್ಪಿಗೆಯಿಲ್ಲದ ಬಣ್ಣವಸ್ತು, ಸೀಸ ಇರಬಹುದೆಂಬ ಕಾರಣಕ್ಕೆ.

ಸುಂಕದ ಕಥೆಯೂ ಬದಲಾಗಿದೆ. ಕಡಿಮೆ ಬೆಲೆಯ ಪಾರ್ಸೆಲ್‌ಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ನಮ್ಮ ಅಂಚೆ ಇಲಾಖೆ ಆ ತಿಂಗಳ 25ರಿಂದಲೇ ಅಮೆರಿಕದ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಶುರುಮಾಡಿತು, ಸುಂಕವನ್ನು ಬುಕಿಂಗ್ ವೇಳೆಯಲ್ಲೇ ಇಲ್ಲಿ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ. 100 ಡಾಲರ್‌ವರೆಗಿನ ಉಡುಗೊರೆಗೆ ವಿನಾಯಿತಿ ಉಳಿಸಿದರು. ದರ ಸ್ಥಿರವಾಗಿಲ್ಲ, ಬುಕ್ ಮಾಡುವ ದಿನ ಕೌಂಟರ್‌ನಲ್ಲಿ ಕೇಳಿದ್ದೇ ದರ. ಉಡುಗೊರೆಗೆ ಬ್ರಿಟನ್‌ನಲ್ಲಿ 39 ಪೌಂಡ್, ಐರೋಪ್ಯ ಒಕ್ಕೂಟದಲ್ಲಿ 45 ಯೂರೋ, ಕೆನಡಾದಲ್ಲಿ 60 ಕೆನಡಾ ಡಾಲರ್ ವಿನಾಯಿತಿಯ ಮಿತಿ.

ಬ್ರಿಟನ್ ಮತ್ತು ಐರೋಪ್ಯ ದೇಶಗಳಿಗೆ ಹಾಲಿನ ಪದಾರ್ಥ, ಮಾಂಸ ಎರಡೂ ಸಲ್ಲದು. ಧಾರವಾಡ ಪೇಡಾ, ತುಪ್ಪ ಎರಡೂ ಇದರಲ್ಲಿ ಬಂದವು. ಆಸ್ಟ್ರೇಲಿಯಾ ಎಲ್ಲರಿಗಿಂತ ಬಿಗಿ: ಹಾಲಿನ ಸಿಹಿತಿಂಡಿ, ಬಿತ್ತನೆ ಬೀಜ, ಹೂವು, ಮಾವಿನೆಲೆ ತೋರಣ ಎಲ್ಲಕ್ಕೂ ತಡೆ. ಕಾಲುಬಾಯಿ ರೋಗ ಇರುವ ದೇಶವಾದ್ದರಿಂದ ನಮ್ಮ ಹಾಲಿನ ಮೇಲೆ ಅವರಿಗೆ ಆ ಭಯ. ಹುರಿದು ಪುಡಿಮಾಡಿದ ಕಾಫಿ, ಚೆನ್ನಾಗಿ ಒಣಗಿಸಿ ಪುಡಿಮಾಡಿದ ಮಸಾಲೆ ಮಾತ್ರ ಹೆಚ್ಚಿನ ದೇಶಗಳಿಗೆ ನೆಮ್ಮದಿಯಿಂದ ಹೋಗುತ್ತವೆ.

ಔಷಧಿಗೆ ಮೂರು ಕಾಗದ ಬೇಕು: ಪಡೆಯುವವರ ಹೆಸರಿನಲ್ಲೇ ಇರುವ ವೈದ್ಯರ ಚೀಟಿ, ಅಂಗಡಿಯ ಬಿಲ್ಲು, ಔಷಧಿಯ ಮೂಲ ಹೆಸರು ಮತ್ತು ಪ್ರಮಾಣ ಬರೆದ ಪಟ್ಟಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಮೂರು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ವ್ಯಾಪಾರದಂತೆ ಕಾಣುತ್ತದೆ. ಟ್ರಮಡಾಲ್, ಆಲ್ಪ್ರಜೋಲಾಂನಂಥವು ನಮ್ಮಲ್ಲೇ 1985ರ ಮಾದಕವಸ್ತು ಕಾಯ್ದೆಯಡಿ ಬರುತ್ತವೆ, ಯಾವ ಚೀಟಿ ಇದ್ದರೂ ಪಾರ್ಸೆಲ್‌ಗೆ ಹಾಕಬೇಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಅಷ್ಟೇ. ಆಯುರ್ವೇದದ ಭಸ್ಮಗಳಲ್ಲಿ ಪಾದರಸ, ಸೀಸ ಇರಬಹುದೆಂದು ಅಮೆರಿಕದವರು ಎಚ್ಚರ ವಹಿಸುತ್ತಾರೆ.

ಮರದ ಸಾಮಾನಿನಲ್ಲಿ ಚನ್ನಪಟ್ಟಣದ ಬೊಂಬೆಗೆ ತೊಂದರೆ ಕಡಿಮೆ. ತೊಗಟೆ, ಹುಳುವಿನ ತೂತು ಇರಬಾರದಷ್ಟೇ. ಬೀಟೆ ಮರದ ಮೈಸೂರು ಕೆತ್ತನೆ ಚಿತ್ರಗಳ ಲೆಕ್ಕ ಬೇರೆ. ಬೀಟೆಯ ಕುಲವೆಲ್ಲ 2017ರ ಜನವರಿ 2ರಿಂದ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಪೂರ್ತಿ ಸಿದ್ಧವಾದ ಸಣ್ಣ ವಸ್ತುಗಳಿಗೆ 10 ಕಿಲೋ ತೂಕದ ವಿನಾಯಿತಿ, ಸಿದ್ಧ ಸಂಗೀತ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. ಆದರೂ ಮಳಿಗೆಯ ಬಿಲ್ಲಿನಲ್ಲಿ ಮರದ ಹೆಸರು, ತೂಕ ಬರೆಸಿಕೊಳ್ಳಿ. ಗಂಧದ ಚಕ್ಕೆ, ರಕ್ತಚಂದನ ಬೇಡವೇ ಬೇಡ. ಹಳೆಯ ಕಂಚಿನ ವಿಗ್ರಹಕ್ಕೆ ನೂರು ವರ್ಷ ದಾಟಿದ್ದರೆ, ತಾಳೆಗರಿ ಹಸ್ತಪ್ರತಿಗೆ 75 ದಾಟಿದ್ದರೆ 1972ರ ಪುರಾವಸ್ತು ಕಾಯ್ದೆ ಅಡ್ಡಬರುತ್ತದೆ. ಹೊಸ ವಿಗ್ರಹವೇ ಹಳೆಯದರಂತೆ ಕಂಡರೂ ಪುರಾತತ್ವ ಇಲಾಖೆಯ ‘ಇದು ಪುರಾವಸ್ತುವಲ್ಲ’ ಎಂಬ ಪತ್ರ ಕೇಳಬಹುದು.

ಮೂರು ದಾರಿಗಳ ಗುಣ-ದೋಷ

ಅಂಚೆ ಕೌಂಟರ್‌ನ ದೊಡ್ಡ ಗುಣ, ಕಳಿಸುವವರ ಹೆಸರು ಕಳಿಸುವವರದ್ದಾಗಿಯೇ ಉಳಿಯುತ್ತದೆ. ಕಸ್ಟಮ್ಸ್ ಫಾರಂ ತುಂಬುವುದೂ ಕಳಿಸುವವರೇ. ಮನೆ ತಿಂಡಿಗೆ, ಸೀರೆಗೆ, ಪುಸ್ತಕಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ಡಬ್ಬವನ್ನು ತೆರೆದೇ ಒಯ್ಯಿರಿ, ಸಿಬ್ಬಂದಿ ನೋಡಿದ ಮೇಲೆ ಟೇಪ್ ಹಾಕಿ. ದೋಷವೆಂದರೆ, ಹೋಗುವ ದೇಶದ ಕೃಷಿ ನಿಯಮವನ್ನು ಕೌಂಟರ್‌ನಲ್ಲಿ ವಿವರವಾಗಿ ಹೇಳುವವರು ಸಿಗುವುದು ಅಪರೂಪ. ಮೂರನೇ ಜರಡಿಯ ಹೊಣೆ ನಿಮ್ಮದೇ. ಫಾರಂನಲ್ಲಿ ‘ಗಿಫ್ಟ್’, ‘ತಿಂಡಿ’ ಎಂದಷ್ಟೇ ಬರೆದರೆ ಸಾಲದು. ಈ ವಿವರ ಪಾರ್ಸೆಲ್‌ಗಿಂತ ಮುಂಚೆ ಕಂಪ್ಯೂಟರ್‌ನಲ್ಲಿ ಆ ದೇಶಕ್ಕೆ ತಲುಪುತ್ತದೆ. ‘ಅಕ್ಕಿಹಿಟ್ಟಿನ ಕರಿದ ಚಕ್ಕುಲಿ, 500 ಗ್ರಾಂ, 2 ಪೊಟ್ಟಣ, ರೂ. 400’ ಎಂಬಷ್ಟು ಬಿಡಿಸಿ ಬರೆದರೆ ತೆರೆದು ನೋಡುವ ಅಗತ್ಯವೇ ಕಡಿಮೆ.

ದೊಡ್ಡ ಕಂಪನಿಗಳ ಸ್ವಂತ ಕೌಂಟರ್‌ನಲ್ಲಿ ದೇಶವಾರು ಪಟ್ಟಿ ಪರದೆಯ ಮೇಲೆಯೇ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ‘ಇದು ಬೇಡ’ ಎಂಬ ಮಾತು ಹೆಚ್ಚು ಬರುವುದೂ ಇಲ್ಲೇ. ಅದೇ ಇವರ ನಿಜವಾದ ಸೇವೆ. ಕಾಗದಪತ್ರದ ಔಷಧಿ, ತುರ್ತಿನ ದಾಖಲೆಗೆ ಇವರೇ ಮೇಲು. ಬೆಲೆ ಹೆಚ್ಚು, ಗಾತ್ರದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 40, 30, 30ರ ಡಬ್ಬದಲ್ಲಿ ನಾಲ್ಕು ಕಿಲೋ ಅವಲಕ್ಕಿ ಇದ್ದರೂ 7.2 ಕಿಲೋ ಎಂದೇ ಲೆಕ್ಕ. ಉಡುಗೊರೆಯೆಂದು ಕೊರಿಯರ್‌ನಲ್ಲಿ ಕಳಿಸಬಹುದಾದ ಬೆಲೆಯ ಮಿತಿ ರೂ. 25,000.

ಬುಕಿಂಗ್ ಅಂಗಡಿಗಳಲ್ಲಿ ಒಳ್ಳೆಯವರಿದ್ದಾರೆ. ಉಪ್ಪಿನಕಾಯಿಯನ್ನು ಗಾಳಿ ತೆಗೆದು ಸೀಲ್ ಮಾಡಿಕೊಡುವುದು, ಮನೆಗೇ ಬಂದು ಒಯ್ಯುವುದು ವಯಸ್ಸಾದವರಿಗೆ ದೊಡ್ಡ ಅನುಕೂಲ. ‘ಏನು ಬೇಕಾದರೂ ಕಳಿಸುತ್ತೇವೆ, ಬಿಲ್ಲು ಬೇಡ’ ಎಂಬ ಬೋರ್ಡು ಕಂಡರೆ ಮಾತ್ರ ಹಿಂದೆ ಸರಿಯಿರಿ. ಔಷಧಿಯನ್ನು ಬಟ್ಟೆಯೆಂದು, ತುಪ್ಪವನ್ನು ಮಸಾಲೆಯೆಂದು ಬರೆದಾಗ ಸುಳ್ಳು ಘೋಷಣೆಯಾಗುತ್ತದೆ, ಅದರ ಜೊತೆಗೆ ಹೋಗಿರುವುದು ನಿಮ್ಮ ಆಧಾರ್ ಪ್ರತಿ. ವಿಮೆಯೂ ಬಿದ್ದುಹೋಗುತ್ತದೆ. ಕೊಡುವ ಮೊದಲು ಕೇಳಬೇಕಾದದ್ದು ಇಷ್ಟು: ಕೊನೆಗೆ ತಲುಪಿಸುವ ಕಂಪನಿ ಯಾವುದು, ಬಿಲ್ಲಿನಲ್ಲಿ ಕಳಿಸಿದವರ ಹೆಸರು ಯಾರದು, ಒಳಗಿರುವ ವಸ್ತುಗಳ ಪಟ್ಟಿಯ ಪ್ರತಿ ಕೊಡುತ್ತೀರಾ. ಕೊಟ್ಟ ನಂಬರ್ ಒಂದೆರಡು ದಿನದಲ್ಲಿ ಆ ಕಂಪನಿಯದೇ ವೆಬ್‌ಸೈಟಿನಲ್ಲಿ ಕಾಣಬೇಕು. ಅಂಗಡಿಯ ವೆಬ್‌ಸೈಟಿನಲ್ಲಿ ಮಾತ್ರ ಕಂಡರೆ ಪಾರ್ಸೆಲ್ ಇನ್ನೂ ಇಲ್ಲೇ ಕೂತಿರಬಹುದು.

ಯಾವ ದಾರಿಯಾದರೂ, ಅನುಮಾನದ ವಸ್ತುವನ್ನು ಒಳ್ಳೆಯ ವಸ್ತುಗಳ ಜೊತೆ ಒಂದೇ ಡಬ್ಬಕ್ಕೆ ಹಾಕಬೇಡಿ. ಒಂದು ಪೊಟ್ಟಣಕ್ಕಾಗಿ ಇಡೀ ಡಬ್ಬ ನಿಲ್ಲುತ್ತದೆ. ತಿಂಡಿಗೊಂದು, ಸೀರೆ-ಬೊಂಬೆಗೊಂದು ಮಾಡಿ. ಅಂಚೆಯ ಪಾರ್ಸೆಲ್ ಫಾರಂನಲ್ಲಿ ‘ತಲುಪದಿದ್ದರೆ ಏನು ಮಾಡಬೇಕು’ ಎಂಬ ಚೌಕವನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ವಾಪಸ್ ಬರುವ ಖರ್ಚು ಕಳಿಸಿದವರ ತಲೆಗೇ ಬರಬಹುದು. ತಿಂಡಿಯ ಡಬ್ಬಕ್ಕೆ ‘ಬಿಟ್ಟುಬಿಡಿ’ ಎಂಬಲ್ಲಿ ಗುರುತು ಹಾಕಿ, ಸೀರೆಯ ಡಬ್ಬಕ್ಕೆ ‘ಹಿಂದಿರುಗಿಸಿ’ ಎಂಬಲ್ಲಿ.